ಕಡಲಪಾಚಿಯ ಗುಳಿಗೆಗಳು: ಹಿತವೆಷ್ಟು, ಅಹಿತವೆಷ್ಟು?

ಅಫಜಲಪುರ ತಾಲೂಕಿನ ಹವಳಗಾ ಗ್ರಾಮದ ಹೆಸರಿನಲ್ಲಿ ಹವಳವುಂಟು. ಕಡಲು ಮಾತ್ರ ಅಲ್ಲಿಂದ ಸುಮಾರು ಇನ್ನೂರು ಮೈಲಿಗಳಾಚೆ ಇರುವುದು. ಆದರೂ ಕಡಲಿನ ಒಂದು ವಸ್ತುವು ಈಚಿನ ವರುಷಗಳಲ್ಲಿ ಈ ಸೀಮೆಗೆ ಎರಡು ದಾರಿಗಳಿಂದ ಬರತೊಡಗಿದೆ. ಮೊದಲನೆಯದು ಹೊಲದ ದಾರಿ. ಕಬ್ಬು ಮೊದಲಾದ ಪೈರುಗಳಿಗೆ ಸಿಂಪಡಿಸಲು ಕಡಲಪಾಚಿಯ ರಸವು ಡಬ್ಬಿಗಳಲ್ಲಿ ಮಾರಲ್ಪಡುತ್ತದೆ. ಎರಡನೆಯದು ಮನೆಯ ದಾರಿ. ‘ಕೆಲ್ಪ್’ ಎಂಬ ಹೆಸರಿನ ಗುಳಿಗೆಗಳು ಥೈರಾಯ್ಡಿಗೆ ಒಳ್ಳೆಯವು, ಬೊಜ್ಜನ್ನು ಕರಗಿಸುವುವು, ಕೂದಲನ್ನು ಬೆಳೆಸುವುವು ಎಂಬ ಕೀರ್ತಿಯನ್ನು ಹೊತ್ತು ಟಪಾಲಿನಲ್ಲಿ ಮನೆಬಾಗಿಲಿಗೇ ಬರುತ್ತವೆ. ಹೊಲದ ವಿಷಯವನ್ನು ಕೃಷಿಪಂಡಿತರಿಗೆ ಬಿಟ್ಟು, ಮನೆಯೊಳಗೆ ಬಂದುದನ್ನು ಇಲ್ಲಿ ವಿಚಾರಿಸೋಣ.

ಕಾವ್ಯಗಳಲ್ಲಿ ತಾವರೆಯನ್ನು ಸುತ್ತಿಕೊಳ್ಳುವ ಶೈವಲವು ಸಿಹಿನೀರಿನದು, ಇದು ಬೇರೆ. ಉಪ್ಪುನೀರಿನ ಬಂಡೆಗಳಿಗೆ ಅಂಟಿಕೊಂಡು ಬೆಳೆಯತಕ್ಕ ಕಂದುಬಣ್ಣದ ಪಾಚಿಗಳಲ್ಲಿ ಜಪಾನೀಯರ ಕೊಂಬು ಮತ್ತು ವಕಾಮೆ, ಯುರೋಪಿನವರ ಫ್ಯೂಕಸ್ ಎಂಬಿವು ಪ್ರಸಿದ್ಧವಾದವು. ನಮ್ಮ ಕಾರವಾರದ ಬಂಡೆಗಳ ಮೇಲೆಯೂ ಸರ್ಗಾಸಮ್ ಎಂಬ ಕಂದುಪಾಚಿಯು ಬೆಳೆಯುತ್ತದೆ. ಇವುಗಳಲ್ಲಿ ಕೆಲವು ಸಮುದ್ರದ ನೀರಿನಲ್ಲಿ ಲೇಶಮಾತ್ರವಿರುವ ಅಯೋಡಿನ್ ಎಂಬ ದ್ರವ್ಯವನ್ನು ಹೀರಿ ತಮ್ಮೊಳಗೆ ರಾಶಿ ಮಾಡಿಕೊಳ್ಳುತ್ತವೆ. ಇವುಗಳ ಗುಣವೂ ದೋಷವೂ ಬಹುಮಟ್ಟಿಗೆ ಇದೊಂದರಿಂದಲೇ ಹುಟ್ಟತಕ್ಕವು.

ಕೊರಳಿನ ಬಾವನ್ನು ನಮ್ಮ ಪೂರ್ವಿಕರು ಅರಿಯದೆ ಇರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗಲಗಂಡದ ಲಕ್ಷಣಗಳು ನಿರೂಪಿತವಾಗಿವೆ. ಅದರ ಒಂದು ಮುಖ್ಯ ಕಾರಣವು ಗೊತ್ತಾದುದು ಬಹುಕಾಲದ ಮೇಲೆ. 1811ರಲ್ಲಿ ಫ್ರಾನ್ಸಿನ ಕೂರ್ತ್ವಾ ಎಂಬವನು ಕಡಲಪಾಚಿಯ ಬೂದಿಯಿಂದ ನೇರಿಳೆಬಣ್ಣದ ಹೊಗೆಯೇಳುವುದನ್ನು ಕಂಡನು, ಅದೇ ಅಯೋಡಿನ್. 1820ರಲ್ಲಿ ಜಿನೀವಾ ನಗರದ ವೈದ್ಯ ಕ್ವಾಂದೆ ಅದನ್ನು ಗಲಗಂಡಕ್ಕೆ ಔಷಧವಾಗಿ ಕೊಟ್ಟನು. ಹಲವರ ಬಾವು ಇಳಿಯಿತು. ಆದರೆ ಕೆಲವರಿಗೆ ಎದೆ ಡವಗುಟ್ಟಿ, ಕೈ ನಡುಗಿ, ಶರೀರವು ಕೃಶವಾಗತೊಡಗಿತು. ಅಮೃತವೂ ವಿಷವೂ ಒಂದೇ ಕಡಲಿನಿಂದ ಎದ್ದುವೆಂಬ ಪುರಾಣದ ಮಾತು ಈ ದ್ರವ್ಯದ ವಿಷಯದಲ್ಲಿ ಮೊದಲ ದಿನದಿಂದಲೇ ಅನ್ವಯಿಸಿತು.

ನಮಗೆ ಇದು ಎಷ್ಟು ಬೇಕು? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೂ ಬಾಣಂತಿಯರಿಗೂ 250. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಎಪ್ಪತ್ತು ವರುಷ ಬದುಕುವವನ ಆಯುಷ್ಯಕ್ಕೆಲ್ಲ ಸೇರಿ ನಾಲ್ಕು ಗ್ರಾಮೂ ತುಂಬದು. ಅದಿಲ್ಲದಿದ್ದರೆ ಮಾತ್ರ ಅನರ್ಥವು ದೊಡ್ಡದು; ಹುಟ್ಟುವ ಮಗುವಿನ ಬುದ್ಧಿಯೇ ಕುಂಠಿತವಾಗುವುದು. ಆದಕಾರಣವೇ ಸರಕಾರವು ಉಪ್ಪಿನಲ್ಲಿ ಅದನ್ನು ಬೆರೆಸುವ ಕ್ರಮವನ್ನು ತಂದಿತು. ಹಿಮಾಲಯದ ತಪ್ಪಲಿನ ಕಾಂಗಡಾ ಕಣಿವೆಯಲ್ಲಿ 1956ರಿಂದ ಡಾಕ್ಟರ್ ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಲಗಂಡವು ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು; 2006ರ ಮೇ ತಿಂಗಳಿನಿಂದ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದು ದೇಶದಲ್ಲೆಲ್ಲ ನಿಷಿದ್ಧವಾಗಿದೆ. ಮನೆಗೆ ಬಂದ ಉಪ್ಪಿನ ಒಂದೊಂದು ಗ್ರಾಮಿನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಇರತಕ್ಕದ್ದು. ರೊಟ್ಟಿ, ಪಲ್ಯ, ಚಟ್ನಿಗಳೊಡನೆ ದಿನಕ್ಕೆ ಹತ್ತು ಗ್ರಾಂ ಉಪ್ಪು ತಿನ್ನುವವನಿಗೆ ಬೇಕಾದ 150 ಅಲ್ಲಿಯೇ ಸಂದಿತು.

ಈಗ ಒಂದು ವಿಚಿತ್ರವನ್ನು ನೋಡಿರಿ. ಓದಿದವರ ಮನೆಗಳಲ್ಲಿಯೇ ಸಾದಾ ಉಪ್ಪನ್ನು ಬಿಟ್ಟು ಸೈಂಧವಲವಣವನ್ನು ತರುವ ಅಭ್ಯಾಸವು ಬೆಳೆದಿದೆ. ಆಯುರ್ವೇದವು ಉಪ್ಪುಗಳಲ್ಲಿ ಸೈಂಧವಕ್ಕೆ ಅಗ್ರಸ್ಥಾನವನ್ನು ಕೊಟ್ಟಿರುವುದು ನಿಜ. ನನಗೂ ಆ ಶಾಸ್ತ್ರದಲ್ಲಿ ಗೌರವವುಂಟು. ಆದರೆ ಗಣಿಯಿಂದ ಬಂದ ಆ ಉಪ್ಪಿನಲ್ಲಿ, ಬೇರೆಯಾಗಿ ಬೆರೆಸಿದ ಹೊರತು, ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ. ಕಿಲೋವಿಗೆ ಕೆಲವೇ ರೂಪಾಯಿಗಳಿಗೆ ಬರುವ ಅಯೋಡಿನ್ನನ್ನು ಹಿತ್ತಲ ಬಾಗಿಲಿನಿಂದ ಹೊರಗೆ ಹಾಕಿ, ನೂರಾರು ರೂಪಾಯಿ ತೆತ್ತು ಗುಳಿಗೆಯ ರೂಪದಲ್ಲಿ ತಲೆಬಾಗಿಲಿನಿಂದ ಕರೆತರುವುದು ಯಾವ ಜಾಣತನ?

ಅದೂ ಅಳತೆ ತಿಳಿಯದ ಅಯೋಡಿನ್. ಅಂಗಡಿಯ ಕಡಲಪಾಚಿಗಳನ್ನು ಪರೀಕ್ಷಿಸಿದಾಗ ಗ್ರಾಮಿಗೆ 16 ಮೈಕ್ರೋಗ್ರಾಮಿನಿಂದ ಹಿಡಿದು 8,000ಕ್ಕೂ ಮೇಲ್ಪಟ್ಟು ಕಂಡುಬಂದುದುಂಟು. ಕೊಂಬುವಿನ ಒಂದು ಗ್ರಾಮಿನಲ್ಲಿ ಎರಡು ಸಾವಿರದಷ್ಟಿದ್ದರೆ ಅದು ಹದಿಮೂರು ದಿನಗಳ ಅಶನವಾಯಿತು. ಅಮೇರಿಕದ ಪಂಡಿತರು ದಿನಕ್ಕೆ 1,100ನ್ನೂ ಯುರೋಪಿನವರು 600ನ್ನೂ ದೊಡ್ಡವರ ಪರಮಾವಧಿಯೆಂದಿದ್ದಾರೆ. ಜಪಾನೀಯರು ಹೆಚ್ಚಾಗಿ ತಿಂದೂ ಸುಖವಾಗಿಲ್ಲವೇ ಎಂದು ಕೇಳುವವರುಂಟು. ಅವರದು ಬಾಲ್ಯದಿಂದ ಬಂದ ರೂಢಿ. ಅಲ್ಲಿಯೂ ಹೊಕ್ಕೈಡೊ ದ್ವೀಪದ ಕರಾವಳಿಯಲ್ಲಿ ಕೊಂಬುವನ್ನು ಅತಿಯಾಗಿ ತಿಂದವರಿಗೆ ಗಲಗಂಡವೇ ಬಂದುದನ್ನು 1960ರ ದಶಕದಲ್ಲಿ ವೈದ್ಯರು ವರ್ಣಿಸಿದರು. ಕೊರತೆಯಿಂದ ಬರುವ ರೋಗವೇ ಅತಿಯಿಂದಲೂ ಬಂದಿತು! ಆಸ್ಟ್ರೇಲಿಯದಲ್ಲಿ ಕೊಂಬುವಿನ ಸಾರವನ್ನು ಬೆರೆಸಿದ ಒಂದು ಸೋಯಾ ಹಾಲನ್ನು ಕುಡಿದವರ ಥೈರಾಯ್ಡ್ ಕೆಟ್ಟು, 2009ರ ಡಿಸೆಂಬರಿನಲ್ಲಿ ಆ ಹಾಲನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಬೇಕಾಯಿತು. ಕೊರಿಯಾದಲ್ಲಿ ಬಾಣಂತಿಯರಿಗೆ ಕಡಲಪಾಚಿಯ ಸಾರನ್ನು ಬಡಿಸುವುದು ನಮ್ಮಲ್ಲಿಯ ಅಂಟಿನುಂಡೆಯಂತೆ ಕುಲಾಚಾರ. ಅಲ್ಲಿಯೂ ಅತಿಯಾದ ಅಯೋಡಿನ್ ಎದೆಹಾಲಿನ ಮೂಲಕ ಹಸುಗೂಸುಗಳ ಗ್ರಂಥಿಯನ್ನು ಮಂದಗೊಳಿಸಬಲ್ಲುದೆಂದು ತಿಳಿದುಬಂದಿದೆ.

ಇದು ಹೀಗೇಕೆ? ಅಯೋಡಿನ್ ಒಮ್ಮೆಗೇ ನುಗ್ಗಿದರೆ ಥೈರಾಯ್ಡ್ ಗ್ರಂಥಿಯು ತನ್ನ ಕೆಲಸವನ್ನು ಕೆಲವು ದಿನ ನಿಲ್ಲಿಸಿಬಿಡುತ್ತದೆ. ಆರೋಗ್ಯವಾದ ಗ್ರಂಥಿಯು ಮತ್ತೆ ಸರಿಹೋಗುವುದು. ಮೊದಲೇ ರೋಗಗ್ರಸ್ತವಾದುದು ನಿಂತಲ್ಲಿಯೇ ನಿಲ್ಲುವುದು. ಬಹುಕಾಲದ ಗಂಟುಗಳಿರುವ ಗ್ರಂಥಿಯಾದರೋ ಲಗಾಮು ಕಿತ್ತ ಕುದುರೆಯಂತೆ ಓಡತೊಡಗಿ ಹೃದಯದ ಬಡಿತವನ್ನು ಕೆಡಿಸುವುದು. ‘ಥೈರಾಯ್ಡಿಗೆ ಒಳ್ಳೆಯದು’ ಎಂಬ ಮಾತನ್ನು ನಂಬಿ ಇದನ್ನು ಕೊಳ್ಳುವವರು ಪ್ರಾಯಶಃ ಅದೇ ರೋಗಕ್ಕೆ ನಿತ್ಯವೂ ಗುಳಿಗೆ ನುಂಗುತ್ತಿರುವ ಗೃಹಿಣಿಯರು. ಅಪಾಯವು ಹೆಚ್ಚಾಗಿರುವುದು ಅವರಿಗೇ. ಡಾಕ್ಟರರು ಕೊಟ್ಟ ಥೈರಾಕ್ಸಿನ್ನನ್ನು ಬಿಟ್ಟು ಇದನ್ನು ಹಿಡಿಯುವುದಂತೂ ಸರ್ವಥಾ ಕೂಡದು. ಉಪ್ಪಿನಲ್ಲಿ ಅಯೋಡಿನ್ ಸಾಕಷ್ಟಿರುವ ಊರುಗಳಲ್ಲಿ ಆ ರೋಗಕ್ಕೆ ಕಾರಣವು ಸಾಮಾನ್ಯವಾಗಿ ಅಯೋಡಿನ್ನಿನ ಕೊರತೆಯಲ್ಲ, ಶರೀರವು ತನ್ನ ಗ್ರಂಥಿಯ ಮೇಲೆ ತಾನೇ ಕಾದಾಡುವುದು. ಗರ್ಭಿಣಿಯರು, ಮೂತ್ರಪಿಂಡದ ರೋಗಿಗಳು, ರಕ್ತವು ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು, ಹೃದಯಕ್ಕೆ ಅಮಿಯೊಡರೋನ್ ನುಂಗುವವರು ಸಹ ವೈದ್ಯರನ್ನು ಕೇಳದೆ ಇದನ್ನು ಮುಟ್ಟತಕ್ಕದ್ದಲ್ಲ.

ಬೊಜ್ಜಿಗೆಂದು ಫ್ಯೂಕಸನ್ನು ಕೊಳ್ಳುವವರೂ ಇದ್ದಾರೆ. ಅದರಿಂದ ಬೊಜ್ಜು ನಿಜವಾಗಿ ಕರಗುವುದೆಂಬುದಕ್ಕೆ ನಂಬತಕ್ಕ ಪ್ರಮಾಣವಿಲ್ಲ. ಥೈರಾಯ್ಡ್ ಕೆರಳಿ ಮೈ ಇಳಿದರೆ ಅದು ರೋಗವೇ ಹೊರತು ಆರೋಗ್ಯವಲ್ಲ. ಹಿಜಿಕಿ ಎಂಬ ಇನ್ನೊಂದು ಕಂದುಪಾಚಿಯಲ್ಲಿ ಪಾಷಾಣವೇ ಹೆಚ್ಚಾಗಿರುವುದರಿಂದ ಅದನ್ನು ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಇಲಾಖೆಯು 2004ರಲ್ಲಿ ಸಾರಿತು.

ಹಾಗೆಂದು ಪಾಚಿಯ ಕುಲವನ್ನೆಲ್ಲ ಹಳಿಯಬೇಕಾಗಿಲ್ಲ. ಕಂದುಪಾಚಿಯಿಂದ ತೆಗೆಯುವ ಆಲ್ಜಿನೇಟ್ ಎದೆಯುರಿಯ ಔಷಧದಲ್ಲಿ, ಗಾಯದ ಪಟ್ಟಿಯಲ್ಲಿ, ಹಲ್ಲಿನ ಅಚ್ಚು ತೆಗೆಯುವಲ್ಲಿ ಉಪಯೋಗವಾಗುತ್ತದೆ. ಫ್ಯುಕೊಯಿಡಾನ್ ಎಂಬ ಸತ್ತ್ವವು ಅರ್ಬುದವನ್ನು ಗುಣಪಡಿಸುವುದೆಂದು ಜಾಹೀರಾತುಗಳು ಹೇಳುತ್ತವೆ; ಪ್ರಯೋಗಶಾಲೆಯ ಗಾಜಿನಲ್ಲಿ ಕಂಡ ಗುಣವು ಮನುಷ್ಯರ ಚಿಕಿತ್ಸೆಯಲ್ಲಿ ಇನ್ನೂ ಸಿದ್ಧಪಟ್ಟಿಲ್ಲ. ಸಿಹಿತಿಂಡಿಗೆ ಹಾಕುವ ಚೈನಾಗ್ರಾಸ್ ಕೆಂಪುಪಾಚಿಯದು; ಮಕ್ಕಳಿಗೆ ಅದನ್ನು ಮಾಡಿಕೊಡಲು ಅಂಜಬೇಕಾಗಿಲ್ಲ.

“ಮಾಸ್ತರ್ರೇ, ಇದರಾಗ ಏನೈತಿ ನೋಡ್ರಿ” ಎಂದು ಡಬ್ಬಿ ಹಿಡಿದು ಬರುವವರಿಗೆ ನಾನು ಮೊದಲು ತೋರಿಸುವುದು ಅದರ ಮೈಮೇಲಿನ ಸಣ್ಣಕ್ಷರಗಳನ್ನು. ಔಷಧೀಯ ಬಳಕೆಗಲ್ಲ ಎಂದು ನಮ್ಮ ದೇಶದ ನಿಯಮದಂತೆ ಇಂಥ ಪೂರಕ ಆಹಾರಗಳ ಮೇಲೆ ಅಚ್ಚುಹಾಕಲೇಬೇಕು. ಅಯೋಡಿನ್ ಎಷ್ಟು ಮೈಕ್ರೋಗ್ರಾಮೆಂದು ಬರೆಯದ ಡಬ್ಬಿಯನ್ನು ಹಿಂದಕ್ಕೆ ಕೊಡಬಹುದು. ಈಗಾಗಲೇ ತಿಂಗಳುಗಟ್ಟಲೆ ನುಂಗಿದವರು ಎದೆ ಡವಗುಟ್ಟುವುದು, ಅತಿಯಾದ ಆಯಾಸ, ಕೊರಳಿನ ಬಾವು ಕಂಡರೆ ಗುಳಿಗೆಯನ್ನು ನಿಲ್ಲಿಸಿ, ಡಬ್ಬಿಯ ಸಮೇತ ಡಾಕ್ಟರರಲ್ಲಿಗೆ ಹೋಗಿ ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಇನ್ನು ಅಡಿಗೆಮನೆಯ ಉಪ್ಪನ್ನು ಮುಚ್ಚಳವಿರುವ ಭರಣಿಯಲ್ಲಿ, ಒಲೆಯ ಬಿಸಿಗೂ ನೀರಿನ ಪಸೆಗೂ ದೂರವಾಗಿ ಇಟ್ಟು, ಸಾರು ಕುದಿದು ಇಳಿಸುವಾಗ ಹಾಕಿದರೆ ಅದರಲ್ಲಿಯ ಅಯೋಡಿನ್ ಹೆಚ್ಚು ಹಾರಿಹೋಗದೆ ಉಳಿಯುತ್ತದೆ.