ಸಂಘದ ಕಂಪ್ಯೂಟರ್ ನಿಧಾನವೇ? ತಡೆ ಎಲ್ಲಿದೆ ನೋಡಿ



ಹಸು ನೋಡಲು ಬಂದಾಗ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಇದು: "ಡಾಕ್ಟ್ರೇ, ಹಾಲು ಹಾಕಿ ಎರಡು ದಿನವಾಯಿತು, ಲೆಕ್ಕ ಇನ್ನೂ ಒಕ್ಕೂಟಕ್ಕೆ ಹೋಗಿಲ್ಲವಂತೆ. ಬಟವಾಡೆ ತಪ್ಪುತ್ತದೆಯೇ?" ಕಾರ್ಯದರ್ಶಿಯನ್ನು ದೂರುವ ಮೊದಲು ತಡೆ ಎಲ್ಲಿದೆ ಎಂದು ತಿಳಿಯೋಣ.

ನಿಮ್ಮ ಹಾಲಿನ ಅಳತೆ, ಜಿಡ್ಡು, ಎಸ್‌ಎನ್‌ಎಫ್ ವಿವರ ಸಂಘದ ಕಂಪ್ಯೂಟರಿನಿಂದ ಇಂಟರ್‌ನೆಟ್ ಮೂಲಕ ಮುಖ್ಯ ಕಚೇರಿಗೆ ಹೋಗುತ್ತದೆ. ಅಲ್ಲಿ ಬಾಗಿಲಲ್ಲಿ ಒಬ್ಬ ಕಾವಲುಗಾರ ಇರುತ್ತಾನೆ. ಅದೇ ಫೈರ್‌ವಾಲ್. ಬಿಎಂಸಿಯಲ್ಲಿ ಪ್ರತಿ ಕ್ಯಾನನ್ನೂ ಪರೀಕ್ಷಿಸಿ ಒಳಗೆ ಬಿಡುವಂತೆ, ಅದು ಬರುವ ಮಾಹಿತಿಯನ್ನೆಲ್ಲ ಪರೀಕ್ಷಿಸುತ್ತದೆ. ಒಬ್ಬರೇ ದಾರಿಯನ್ನೆಲ್ಲ ತುಂಬಬಾರದೆಂದು ಸೆಕೆಂಡಿಗೆ ಇಷ್ಟೇ ಎಂಬ ಮಿತಿಯನ್ನೂ ಹಾಕಿರಬಹುದು. ಸಂಘಗಳು ಕಡಿಮೆ ಇದ್ದಾಗ ಹಾಕಿದ ಮಿತಿ ಹಾಗೇ ಉಳಿದರೆ, ಇಂದು ಹಾಲಿನ ಲೆಕ್ಕವೂ ಸರದಿಯಲ್ಲಿ ಕಾಯಬೇಕಾಗುತ್ತದೆ.

ಕಾರ್ಯದರ್ಶಿಯವರು ಮೂರು ಪರೀಕ್ಷೆ ಮಾಡಲಿ:

1. ಬೇರೆ ವೆಬ್‌ಸೈಟ್‌ಗಳೂ ನಿಧಾನವೇ? ಹಾಗಿದ್ದರೆ ತೊಂದರೆ ಸಿಗ್ನಲ್‌ನದು ಅಥವಾ ಡೇಟಾ ಪ್ಯಾಕ್‌ನದು. ಅನೇಕ ಪ್ಯಾಕ್‌ಗಳಲ್ಲಿ ದಿನದ ಡೇಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಗ 1 ಎಂಬಿ ಫೋಟೋ ಕಳಿಸಲು 2 ನಿಮಿಷಕ್ಕೂ ಹೆಚ್ಚು ಬೇಕು.

2. ಬೇರೆ ಕಂಪನಿ ಸಿಮ್ ಇರುವ ಫೋನಿನ ಹಾಟ್‌ಸ್ಪಾಟ್‌ನಿಂದ ಕಳಿಸಿ ನೋಡಲಿ. ಬೇಗ ಹೋದರೆ ತೊಂದರೆ ನಮ್ಮ ಸಂಪರ್ಕದ್ದು. ಆಗಲೂ ಅಷ್ಟೇ ನಿಧಾನವಾದರೆ ತಡೆ ಬಹುತೇಕ ಕಚೇರಿ ಕಡೆಯದು.

3. ಹಾಲು ಹಾಕುವ ಹೊತ್ತಿನಲ್ಲಿ ಮಾತ್ರ ನಿಧಾನವೇ, ಮಧ್ಯಾಹ್ನವೂ ಹಾಗೇಯೇ? ಎಲ್ಲ ಹೊತ್ತಿನಲ್ಲೂ ವೇಗ ಒಂದೇ ಅಂಕಿಯಲ್ಲಿ ನಿಂತಿದ್ದರೆ ಮಿತಿ ಹಾಕಿರುವ ಸಾಧ್ಯತೆ ಹೆಚ್ಚು.

ದಿನಾಂಕ, ಹೊತ್ತು, ಎಷ್ಟು ನಿಮಿಷ ಹಿಡಿಯಿತು, ಪಕ್ಕದ ಸಂಘದಲ್ಲೂ ಹೀಗೆಯೇ ಎಂಬುದನ್ನು ಬರೆದು ಒಕ್ಕೂಟದ ಕಂಪ್ಯೂಟರ್ ವಿಭಾಗಕ್ಕೆ ಕೊಡಲಿ. "ನೆಟ್ ಇಲ್ಲ" ಎಂದಷ್ಟೇ ಹೇಳಿದರೆ ಸಾಲದು. ಅವರು ಫೈರ್‌ವಾಲ್‌ನ ದಾಖಲೆ ನೋಡಿ ಹಾಲಿನ ಲೆಕ್ಕಕ್ಕೆ ಮೊದಲ ಆದ್ಯತೆ ಕೊಡಬಹುದು. ಫೈರ್‌ವಾಲ್ ತೆಗೆಯಿರಿ ಎಂದು ಮಾತ್ರ ಯಾರೂ ಕೇಳಬಾರದು. ನಿಮ್ಮ ಬ್ಯಾಂಕ್ ಖಾತೆಯ ವಿವರ ಕಾಯುವುದು ಅದೇ.

ನೀವು ಮಾಡಬೇಕಾದದ್ದು:

● ಹಾಲಿನ ಚೀಟಿಯನ್ನು ಬಟವಾಡೆ ಆಗುವವರೆಗೆ ಎಸೆಯಬೇಡಿ. ಪಾಸ್‌ಬುಕ್‌ಗೆ ತಾಳೆ ನೋಡಿ.

● ಲೆಕ್ಕ ತಡವಾಯಿತೆಂದು ಮತ್ತೆ ಮತ್ತೆ ಕಳಿಸಲು ಒತ್ತಾಯಿಸಬೇಡಿ. ಸರದಿ ಇನ್ನೂ ಬೆಳೆಯುತ್ತದೆ.

● "ಹಣ ಬೇಗ ಬರಿಸುತ್ತೇವೆ" ಎಂದು ಫೋನ್ ಮಾಡಿದವರಿಗೆ ಒಟಿಪಿ ಹೇಳಬೇಡಿ.

● ಹಸುವಿನ 12 ಅಂಕಿಯ ಕಿವಿಯೋಲೆ ಸಂಖ್ಯೆ ಮತ್ತು ಗರ್ಭಧಾರಣೆ ಮಾಡಿಸಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಆ್ಯಪ್‌ನಲ್ಲಿ ನಮೂದು ತಡವಾದರೂ, 21ನೇ ದಿನದ ಸುಮಾರಿಗೆ ಹಸು ಮತ್ತೆ ಬೆದೆಗೆ ಬಂತೇ ಎಂದು ನೋಡಲು ಆ ದಿನಾಂಕ ನಿಮ್ಮ ಕೈಯಲ್ಲಿರಬೇಕು.

ನೆಟ್ ತಡವಾಗಬಹುದು, ನಿಮ್ಮ ಲೆಕ್ಕ ತಪ್ಪಬಾರದು.

– ಪಶುವೈದ್ಯಾಧಿಕಾರಿ