ಮಗುವಿನ ಕೈ ಮುರಿದಾಗ

ಹುಡುಗ ಸೀಬೆ ಮರ ಹತ್ತಿದ. ಕೊಂಬೆ ಜಾರಿತು. ಅಂಗೈ ಊರಿ ಬಿದ್ದ. ಮುಂಗೈ ಊದಿಕೊಂಡಿತು.

"ಎಣ್ಣೆ ಹಚ್ಚಿ ನೀವಮ್ಮ, ಸರಿಹೋಗ್ತದೆ" ಅಂದರು ಪಕ್ಕದ ಮನೆಯ ಅಜ್ಜಿ.

"ಬೆರಳು ಆಡಿಸ್ತಾನಲ್ಲ, ಮೂಳೆ ಮುರಿದಿಲ್ಲ ಬಿಡಿ" ಅಂದರು ಇನ್ನೊಬ್ಬರು.

ಇಬ್ಬರ ಮಾತೂ ಸರಿಯಲ್ಲ. ಮುಂಗೈಯಲ್ಲಿ ಎರಡು ಮೂಳೆಗಳಿವೆ. ಒಣ ಕಡ್ಡಿ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಹಸಿ ಕಡ್ಡಿ ಬಾಗುತ್ತದೆ, ಒಂದು ಕಡೆ ಮಾತ್ರ ಸೀಳುತ್ತದೆ. ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ. ಮುರಿದಿದ್ದರೂ ಬೆರಳು ಆಡಬಹುದು. ಎಕ್ಸ್‌ರೇ ತೆಗೆದರೇ ಗೊತ್ತಾಗೋದು.

ಕೈ ನೀವಬೇಡಿ, ಎಳೆಯಬೇಡಿ. ಬಳೆ, ಉಂಗುರ, ದೇವರ ದಾರ ಇದ್ದರೆ ಮೊದಲು ತೆಗೆಯಿರಿ. ಊತ ಹೆಚ್ಚಾದ ಮೇಲೆ ಅವು ಬಿಗಿಯುತ್ತವೆ. ಮುಂಗೈ ಕೆಳಗೆ ಒಂದು ರಟ್ಟು ಇಡಿ. ಟವೆಲ್ಲನ್ನು ಕುತ್ತಿಗೆಗೆ ಜೋಲಿಯಂತೆ ಕಟ್ಟಿ ಕೈಯನ್ನು ಅದರಲ್ಲಿಡಿ. ಹಾಗೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ತಿಂಡಿ ಕೊಡಬೇಡಿ. ಮೂಳೆ ಕೂಡಿಸುವಾಗ ಅರಿವಳಿಕೆ ಕೊಡಬೇಕಾಗಬಹುದು.

ಡಾಕ್ಟರು ಮೂಳೆ ನೇರ ಮಾಡಿ ಸಿಮೆಂಟಿನ ಪಟ್ಟಿ ಹಾಕುತ್ತಾರೆ. ಇದು ಮನೆ ಕಟ್ಟುವ ಸಿಮೆಂಟಲ್ಲ, ಬಿಳಿ ಪುಡಿ ಹಚ್ಚಿದ ಬಟ್ಟೆ. ನೀರಲ್ಲಿ ಅದ್ದಿ ಸುತ್ತಿದರೆ ಬಿಸಿಯಾಗಿ ಗಟ್ಟಿಯಾಗುತ್ತದೆ. ಊತ ಇದ್ದರೆ ಮೊದಲು ಅರ್ಧ ಪಟ್ಟಿ ಮಾತ್ರ ಹಾಕುವುದುಂಟು. "ಪೂರ್ತಿ ಹಾಕಲಿಲ್ಲ" ಅಂತ ಸಿಟ್ಟಾಗಬೇಡಿ. ಊತಕ್ಕೆ ಜಾಗ ಬೇಕು.

ಈಗ ಮುಖ್ಯ ವಿಷಯ. ಮೊದಲ ಎರಡು ದಿನ ಕೈಯನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ. ಬೆರಳು ಆಡಿಸಲು ಹೇಳಿ. ಮಗುವಿನ ಉಗುರು ಒತ್ತಿ ಬಿಡಿ. ಬೆಳ್ಳಗಾದ ಉಗುರು ಒಂದು, ಎರಡು ಎಣಿಸುವಷ್ಟರಲ್ಲಿ ಕೆಂಪಗಾಗಬೇಕು. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಪಟ್ಟಿ ಬಿಗಿಯಾಗಿದೆ ಅಂತ ತಿಳಿಯಿರಿ. ಇದು ಯಾವುದೂ ಇಲ್ಲದೆ, ಔಷಧಿ ಕೊಟ್ಟರೂ ನೋವು ಏರುತ್ತಲೇ ಇದ್ದರೂ ಅಪಾಯವೇ. ಬೆರಳು ಬಿಡಿಸಿದರೆ ಮಗು ಕಿರುಚುತ್ತದೆ. ರಾತ್ರಿಯಾದರೂ ಆಸ್ಪತ್ರೆಗೆ ಓಡಿ. ರಕ್ತ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಕೈಯ ಮಾಂಸ ಸಾಯುತ್ತದೆ. ಆಮೇಲೆ ಬೆರಳು ಕೊಕ್ಕೆಯ ಹಾಗೆ ಬಾಗಿ ಹಾಗೇ ಉಳಿದುಬಿಡಬಹುದು. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿದರೂ ಇದೇ ಅಪಾಯ.

ಪಟ್ಟಿ ಒದ್ದೆ ಮಾಡಬೇಡಿ. ತುರಿಕೆ ಅಂತ ಕಡ್ಡಿ ತೂರಿಸಬಾರದು, ಒಳಗೆ ಗಾಯವಾಗುತ್ತದೆ. ಡಾಕ್ಟರು ಹೇಳಿದ ದಿನ ಮತ್ತೆ ಎಕ್ಸ್‌ರೇಗೆ ಹೋಗಿ. ಊತ ಇಳಿದ ಮೇಲೆ ಪಟ್ಟಿ ಸಡಿಲವಾಗಿ ಮೂಳೆ ಜಾರಬಹುದು.

ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಪಟ್ಟಿ ಬಿಚ್ಚುತ್ತಾರೆ. ಬಿಚ್ಚುವ ಗರಗಸ ಗುರ್ರ್ ಅನ್ನುತ್ತದೆ. ಅದು ಅಲುಗುತ್ತದೆ, ತಿರುಗುವುದಿಲ್ಲ. ಹೆದರಬೇಡ ಅಂತ ಮಗುವಿಗೆ ಮೊದಲೇ ಹೇಳಿ. ಒಳಗಿನ ಕೈ ಸಣಕಲಾಗಿ, ಸಿಪ್ಪೆ ಎದ್ದಂತೆ ಕಾಣುತ್ತದೆ. ಆಟ, ಕೆಲಸ ಮಾಡುತ್ತಾ ತಾನೇ ತುಂಬಿಕೊಳ್ಳುತ್ತದೆ. ಆದರೆ ಕೆಲವು ವಾರ ಮರ ಮಾತ್ರ ಹತ್ತಿಸಬೇಡಿ.