ವಿಜಯವಾಡ–ವಿಶಾಖಪಟ್ಟಣ: ಒಂದು ಗಂಟೆಯ ಹಾರಾಟದ ಪೂರ್ಣ ಲೆಕ್ಕ

ವಿಜಯವಾಡದ ಗನ್ನವರಂ ನಿಲ್ದಾಣದಿಂದ ವಿಶಾಖಪಟ್ಟಣಕ್ಕೆ ಆಕಾಶಮಾರ್ಗದ ನೇರ ಅಂತರ ಸುಮಾರು 290 ಕಿಲೋಮೀಟರ್, ರೈಲುಹಾದಿಯಾದರೆ 350. ಗಂಟೆಗೆ 500 ಕಿಲೋಮೀಟರ್ ವೇಗದ ಎ.ಟಿ.ಆರ್. ವಿಮಾನಕ್ಕೆ 35 ನಿಮಿಷ ಸಾಲದೇ ಎಂದು ಕೇಳಬಹುದು. ಆದರೆ ಏರುವಾಗಲೂ ಇಳಿಯುವಾಗಲೂ ಆ ವೇಗವಿರದು. ನೆಲದ ಮೇಲೆ ಓಡುದಾರಿಗೆ ಸಾಗುವ ಹೊತ್ತೂ ಸೇರಿ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆಯಾಗುತ್ತದೆ.

ವೃದ್ಧ ತಾಯಿತಂದೆಯರನ್ನೋ ಶಸ್ತ್ರಚಿಕಿತ್ಸೆಯಾದವರನ್ನೋ ಕರೆದೊಯ್ಯುವವರು ಈ ಗಂಟೆಯನ್ನಷ್ಟೇ ನೋಡಿ ಟಿಕೆಟ್ ಕೊಳ್ಳುವುದುಂಟು. ಗನ್ನವರಂ ನಗರದಿಂದ ಸುಮಾರು 20 ಕಿಲೋಮೀಟರ್ ದೂರ. ಅಲ್ಲಿಗೆ ಎರಡು ಗಂಟೆ ಮುಂಚಿತವಾಗಿ ತಲುಪಬೇಕು. ಇಳಿದ ಮೇಲೆ ಸಾಮಾನಿಗಾಗಿ ಕಾಯಬೇಕು. ಎಲ್ಲವನ್ನೂ ಕೂಡಿಸಿದರೆ ಮನೆಯಿಂದ ಮನೆಗೆ ನಾಲ್ಕೂವರೆ ಗಂಟೆಯಾದರೂ ಆದೀತು. 2023ರ ಜನವರಿಯಲ್ಲಿ ಆರಂಭವಾದ ಸಿಕಂದರಾಬಾದ್–ವಿಶಾಖಪಟ್ಟಣ ವಂದೇ ಭಾರತ್ ರೈಲು ಈ ಹಾದಿಯನ್ನು ನಾಲ್ಕು ಗಂಟೆಗಿಂತ ತುಸು ಹೆಚ್ಚು ಕಾಲದಲ್ಲಿ ಕ್ರಮಿಸುತ್ತದೆ. ರಾಜಮಹೇಂದ್ರಿಯ ಬಳಿ ಗೋದಾವರಿಯ ದರ್ಶನ ಲಾಭವೇ ಸರಿ!

ಇನ್ನು ಆರೋಗ್ಯದ ವಿಷಯ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡವು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ರಕ್ತಕ್ಕೆ ದೊರೆಯುವ ಆಮ್ಲಜನಕವೂ ಅದಕ್ಕೆ ತಕ್ಕಂತೆ ಕಡಿಮೆ. ಆರೋಗ್ಯವಂತರಿಗೆ ಇದು ತಿಳಿಯುವುದೇ ಇಲ್ಲ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯುಳ್ಳವರು, ಇತ್ತೀಚೆಗೆ ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಮಾತ್ರ ವೈದ್ಯರನ್ನು ಕೇಳದೆ ವಿಮಾನವೇರಬಾರದು. ರೈಲಿನಲ್ಲಿ ಈ ತೊಡಕಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆಯಲೂಬಹುದು.

ವಿಮಾನವೇ ಆಗಬೇಕೆಂದರೆ, ಗಾಲಿಕುರ್ಚಿಯ ಅಗತ್ಯವನ್ನು ಟಿಕೆಟ್ ಕೊಳ್ಳುವಾಗಲೇ ತಿಳಿಸಬೇಕು. ಗುಳಿಗೆಗಳೂ ಇನ್ಸುಲಿನ್ನೂ ಕೈಚೀಲದಲ್ಲಿರಲಿ. ನೇರ ವಿಮಾನವಿಲ್ಲದ ದಿನ ಹೈದರಾಬಾದಿನ ಮೇಲೆ ಸುತ್ತಿಹೋಗುವುದಾದರೆ ರೋಗಿಗೆ ಎರಡು ಸಲ ಏರಿಳಿಯುವ ಶ್ರಮ. ಆಗ ರೈಲೇ ಮೊದಲು ತಲುಪೀತು.